ಸದ್ದು ಹಿಂದೆ, ತಪ್ಪು ಮುಂದೆ: ಹೊರಗಿನ ಸೈಲೆನ್ಸರ್ ಕಿಟ್ ಕಾರಿನ ತಳಕ್ಕೆ ತಾಗುತ್ತಿದ್ದರೆ

"ಕಾಕಾ, ಗಾಡಿ ನಿಂತಲ್ಲಿ ಏನೂ ಸದ್ದಿಲ್ರಿ. ಖಂಬಾಟ್ಕಿ ಘಾಟ್ ಹತ್ತೂಮುಂದ ಮಾತ್ರ ಡಿಕ್ಕಿ ಕೆಳಗ ಯಾರೋ ತಾಟು ಬಡದಂಗ ಆಗ್ತೈತಿ."

ಹುಡುಗ ಅಥಣಿ ಕಡೆಯವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ತಿಂಗಳಿಗೊಮ್ಮೆ ಊರಿಗೆ ಹೋಗಿಬರುತ್ತಾನೆ. ಮೂರು ವಾರದ ಹಿಂದೆ ಕಾರಿಗೆ ಕಂಪನಿಯದಲ್ಲದ, ಹೊರಗಿನ ಸ್ಟೀಲ್ ಸೈಲೆನ್ಸರ್ ಕಿಟ್ ಹಾಕಿಸಿದ್ದ. ಹೊಗೆ ಶುದ್ಧಮಾಡುವ ಕ್ಯಾಟ್ ಕನ್ವರ್ಟರ್ ಆದಮೇಲಿನ ಪೈಪು, ರೆಸೊನೇಟರ್ (ಸದ್ದು ತಗ್ಗಿಸುವ ನಡುವಿನ ಡಬ್ಬಿ), ಹಿಂದಿನ ಸೈಲೆನ್ಸರ್, ಎಲ್ಲ ಹೊಸದು. ಹಾಕಿದವರ ಹತ್ತಿರ ಆಗಲೇ ಎರಡು ಸಲ ಹೋಗಿ ಬಂದಿದ್ದ. ಮೊದಲ ಸಲ ಅವರು ಪೈಪು ತಾಗುತ್ತಿದ್ದ ಕಡೆ ಹೀಟ್ ಶೀಲ್ಡನ್ನು (ಪೈಪಿನ ಕಾವು ತಡೆಯುವ ತಗಡು) ಸುತ್ತಿಗೆಯಿಂದ ಬಡಿದು ಒಳಕ್ಕೆ ಒತ್ತಿದರು. ಎರಡನೇ ಸಲ ಸೈಲೆನ್ಸರ್ ಅಲ್ಲಾಡಬಾರದು ಅಂತ ಅದನ್ನು ತಳಕ್ಕೆ ತೂಗುಹಾಕುವ ರಬ್ಬರ್ ಬದಲು ಕಲ್ಲಿನಂಥ ಗಟ್ಟಿ ಹ್ಯಾಂಗರ್ ಹಾಕಿದರು. ಸದ್ದು ಹೋಗಲಿಲ್ಲ, ಜಾಗ ಬದಲಾಯಿಸಿತು. ಮೇಲಿಂದ ಒಳಗೆ ಕೂತವರ ಕಿವಿಗೆ ಒಂದು ಗುಂಯ್‌ಗುಡುವಿಕೆ ಹೊಸದಾಗಿ ಸೇರಿಕೊಂಡಿತು.

ನರ್ಹೆ ಹತ್ತಿರ ಹೈವೇ ಬದಿಯ ನಮ್ಮ ಗ್ಯಾರೇಜಿಗೆ ಇಂಥ ಗಾಡಿಗಳು ಬರುತ್ತಲೇ ಇರುತ್ತವೆ. ಸೊಲ್ಲಾಪುರ, ವಿಜಯಪುರ, ಬೆಳಗಾವಿ ಕಡೆಯವರು ಊರಿಗೆ ಹೊರಡುವ ಹಿಂದಿನ ದಿನ ಬಂದು "ಸ್ವಲ್ಪ ನೋಡ್ರಿ" ಅನ್ನುತ್ತಾರೆ. ಸ್ವಲ್ಪದಲ್ಲಿ ಮುಗಿಯುವ ಕೆಲಸ ಇದಲ್ಲ. ಆದರೆ ಕ್ರಮ ಹಿಡಿದು ಹೋದರೆ ಅರ್ಧ ದಿನ ಸಾಕು. ನಾನು ಹೇಗೆ ಹುಡುಕುತ್ತೇನೆ ಅನ್ನುವುದನ್ನು ಆ ಅಥಣಿ ಹುಡುಗನ ಗಾಡಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ.

ಮೊದಲು ಕಿವಿ, ಆಮೇಲೆ ಪಾನಾ

ಗಾಡಿ ಎತ್ತುವ ಮೊದಲು ಸದ್ದಿನ ಜಾತಿ ಯಾವುದು ಅಂತ ಕೇಳಿ ತಿಳಿದುಕೊಳ್ಳಬೇಕು. "ಟಣ್" ಅಂತ ಒಂದೊಂದೇ ಪೆಟ್ಟು, ಅದೂ ಹಂಪ್ ಮೇಲೆ ಅಥವಾ ತಿರುವಿನಲ್ಲಿ ಬಂದರೆ ಪೈಪೋ ಸೈಲೆನ್ಸರೋ ತೂಗಾಡಿ ಏನಕ್ಕೋ ಬಡಿಯುತ್ತಿದೆ. ಒಂದು ಆರ್‌ಪಿಎಂನಲ್ಲಿ ಮಾತ್ರ "ಝರ್ರ್" ಅಂದು ಮುಂದೆ ನಿಂತುಹೋದರೆ ತೆಳು ತಗಡು ನಡುಗುತ್ತಿದೆ. ಹೆಚ್ಚಿನ ಸಲ ಅದು ತುಕ್ಕು ಹಿಡಿದು ಬೋಲ್ಟಿನ ತೂತು ದೊಡ್ಡದಾದ ಹೀಟ್ ಶೀಲ್ಡ್. ಅಗಲ ವಾಷರ್ ಹಾಕಿ ಬಿಗಿದರೆ ಅಲ್ಲಿಗೆ ಮುಗಿಯಿತು, ಪೈಪಿನ ತಂಟೆಗೇ ಹೋಗಬೇಕಿಲ್ಲ.

ಬಡಿತವೇ ಇಲ್ಲದೆ ಒಳಗೆ ಬರೀ ಗುಂಯ್ ಅನ್ನುತ್ತಿದ್ದರೆ ಹುಷಾರಾಗಬೇಕು. ಆಗ ಪೈಪು ಬಡಿಯುತ್ತಿಲ್ಲ, ಒತ್ತಿಕೊಂಡೇ ಕೂತಿದೆ. ಎಂಜಿನ್ನಿನ ನಡುಕ ನೇರವಾಗಿ ಗಾಡಿಯ ತಗಡಿಗೆ ಇಳಿಯುತ್ತಿದೆ. ಕೆಳಗೆ ನೋಡಿದರೆ ಎಲ್ಲ ಗಟ್ಟಿಯಾಗಿ, ಚೆನ್ನಾಗಿ ಕೂತಂತೆ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ "ಫಟ್ ಫಟ್" ಅಂದರೆ ಜೋಡಣೆಯಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ. ಗಾಡಿ ಬಂದ್ ಮಾಡಿದ ಮೇಲೆ ಕೆಳಗಿಂದ "ಟಿಕ್, ಟಿಕ್" ಕೇಳಿಸಿದರೆ ಏನೂ ಮಾಡಬೇಡಿ. ಕಾದ ಲೋಹ ತಣ್ಣಗಾಗುತ್ತ ಕುಗ್ಗುವ ಸದ್ದು ಅದು, ಕಂಪನಿ ಪೈಪಿನಲ್ಲೂ ಬರುತ್ತದೆ.

ಇನ್ನು ಯಾವಾಗ ಬರುತ್ತದೆ ಅನ್ನುವ ಪ್ರಶ್ನೆ. ತಣ್ಣಗಿದ್ದಾಗಲೋ, ಅರ್ಧ ಗಂಟೆ ಓಡಿಸಿ ಕಾದಮೇಲೋ? ಒಬ್ಬರೇ ಇದ್ದಾಗಲೋ, ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಚೀಲ ಇದ್ದಾಗಲೋ? ಎಡ ತಿರುವಿಗೋ, ಬಲಕ್ಕೋ? ಕ್ಲಚ್ ಬಿಡುವಾಗಲೋ? ಈ ಹುಡುಗನ ಉತ್ತರ ಸ್ಪಷ್ಟವಾಗಿತ್ತು. ಕಾದಮೇಲೆ ಮಾತ್ರ, ಏರಿನಲ್ಲಿ, ತಿರುವುಗಳಲ್ಲಿ ಜಾಸ್ತಿ. ಹಾಕಿದವರ ಹತ್ತಿರ ಅವನು ಹೋದದ್ದೆಲ್ಲ ಬೆಳಿಗ್ಗೆ ಆಫೀಸಿಗೆ ಮುಂಚೆ. ಪೈಪು ತಣ್ಣಗಿದ್ದಾಗ. ಅವರಿಗೆ ಸದ್ದು ಕೇಳಿಸದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ತಾಗಿದ ಜಾಗ ತಾನೇ ಹೇಳುತ್ತದೆ

ಪೈಪು ಮುಟ್ಟುವಷ್ಟು ಆರಿರಬೇಕು. ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಚಕ್ರಕ್ಕೆ ಅಡ್ಡ ಕಟ್ಟಿಗೆ ಇರಬೇಕು, ಕೆಳಗೆ ಸ್ಟ್ಯಾಂಡ್ ಇರಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಇದನ್ನು ನನ್ನ ಹುಡುಗರಿಗೆ ಬೈದೇ ಹೇಳುತ್ತೇನೆ, ಇಲ್ಲಿ ನಯವಾಗಿ ಬರೆಯುತ್ತಿದ್ದೇನೆ.

ಟಾರ್ಚ್ ಹಿಡಿದು ಮುಂದಿನಿಂದ ಹಿಂದಕ್ಕೆ ನೋಡುತ್ತ ಹೋಗಿ. ಲೋಹಕ್ಕೆ ಲೋಹ ತಾಗಿದಲ್ಲಿ ಧೂಳು, ಕೆಸರು ಉಳಿಯುವುದಿಲ್ಲ. ಬೆಳ್ಳಿ ಚುಕ್ಕೆಯಂತೆ ಹೊಳೆಯುತ್ತದೆ. ಮಳೆಗಾಲದಲ್ಲಿ ಅದೇ ಚುಕ್ಕೆ ಎರಡು ದಿನಕ್ಕೆ ಕೆಂಪು ತುಕ್ಕಾಗುತ್ತದೆ. ಗುರುತು ಸಿಗದಿದ್ದರೆ ನನ್ನ ಉಪಾಯ ಸುಣ್ಣ. ತಂಬಾಕು ತಿಕ್ಕುವವರ ಜೇಬಿನಲ್ಲಿ ಇರುತ್ತದಲ್ಲ, ಅದೇ. ಅನುಮಾನ ಇದ್ದ ಕಡೆ ಪೈಪಿಗೆ ಬೆರಳಲ್ಲಿ ತೆಳ್ಳಗೆ ಬಳಿದು ಒಣಗಲು ಬಿಡಿ. ಅದು ಶಾಖಕ್ಕೆ ಸುಟ್ಟುಹೋಗುವುದಿಲ್ಲ. ಸದ್ದು ಬರುವ ರಸ್ತೆಗೇ ಹೋಗಿ ಬನ್ನಿ. ಎಲ್ಲಿ ಸುಣ್ಣ ಉಜ್ಜಿಹೋಗಿದೆಯೋ ಅಲ್ಲೇ ತಾಗಿದೆ.

ಸಂದು ಎಷ್ಟಿದೆ ಅಂತ ಅಳೆಯಲು ಚಪಾತಿ ಹಿಟ್ಟಿನ ಉಂಡೆ ಸಾಕು. ಇದು ತಣ್ಣಗಿದ್ದಾಗ ಮಾತ್ರ ಮಾಡುವ ಪರೀಕ್ಷೆ, ಇಲ್ಲದಿದ್ದರೆ ಚಪಾತಿಯೇ ಆಗುತ್ತದೆ. ಎಣ್ಣೆ ಸವರಿದ ಉಂಡೆಯನ್ನು ಪೈಪು ಮತ್ತು ಹಿಂದಿನ ಚಕ್ರಗಳನ್ನು ಕೂಡಿಸುವ ಆಕ್ಸಲ್ ಬೀಮಿನ ನಡುವೆ ಇಟ್ಟು, ಹಿಂದೆ ಇಬ್ಬರನ್ನು ಕೂರಿಸಿ, ಹಂಪ್ ಮೇಲೆ ಒಂದು ಸಲ ನಿಧಾನವಾಗಿ ಹತ್ತಿಳಿಸಿ. ಉಂಡೆ ತೆಗೆದು ಚಾಕುವಿನಿಂದ ಕೊಯ್ದು ತೆಳು ಭಾಗವನ್ನು ಸ್ಕೇಲಿನಲ್ಲಿ ಅಳೆದರೆ ಗಾಡಿ ಕುಗ್ಗಿದಾಗ ಉಳಿಯುವ ನಿಜವಾದ ಸಂದು ಗೊತ್ತಾಗುತ್ತದೆ. ಮಿಕ್ಕ ಕಡೆ ಮೊದಲ ಅಂದಾಜಿಗೆ 10 ಮಿ.ಮೀ. ಅಲನ್ ಕೀ ತೂರಿಸಿ ನೋಡುತ್ತೇನೆ. ಅದು ಸಲೀಸಾಗಿ ಹೋಗದ ಕಡೆ ಚಾಕ್‌ಪೀಸಿನಿಂದ ಗುರುತು ಹಾಕುತ್ತೇನೆ.

ಲಿಫ್ಟ್ ಹೇಳುವ ಸುಳ್ಳು

ಎಷ್ಟೋ ಗ್ಯಾರೇಜುಗಳು ತಪ್ಪುವುದು ಇಲ್ಲಿ. ಎರಡು ಕಂಬದ ಲಿಫ್ಟಿನಲ್ಲಿ ಗಾಡಿ ಎತ್ತಿದರೆ ಚಕ್ರಗಳು ಕೆಳಗೆ ಜೋತುಬೀಳುತ್ತವೆ, ಅವುಗಳ ಜೊತೆ ಹಿಂದಿನ ಬೀಮ್ ಕೂಡ. ಪೈಪು ಬೀಮಿನ ಮೇಲಿಂದ ಹೋಗುವ ಗಾಡಿಯಲ್ಲಿ ಆಗ ಸಂದು ಭರ್ಜರಿಯಾಗಿ ಕಾಣುತ್ತದೆ. ಮೂರು ಬೆರಳು ಹೋಗುತ್ತದೆ, ಎಲ್ಲ ಸರಿಯಿದೆ ಅನ್ನುತ್ತಾರೆ. ಗಾಡಿ ಕೆಳಗಿಳಿದು ನಾಲ್ಕು ಜನ ಕೂತರೆ ಬೀಮ್ ಮೇಲಕ್ಕೆ ಬಂದು ಪೈಪಿಗೆ ಗುದ್ದುತ್ತದೆ. ಪೈಪು ಬೀಮಿನ ಕೆಳಗಿಂದ ಹೋದರೆ ಲೆಕ್ಕ ಉಲ್ಟಾ. ಲಿಫ್ಟಿನ ಮೇಲೆ ತಾಗಿದಂತೆ ಕಾಣುವುದು ರಸ್ತೆಯಲ್ಲಿ ತಾಗುವುದೇ ಇಲ್ಲ. ಅದಕ್ಕೇ ಸಂದು ನೋಡುವುದು ಚಕ್ರದ ಮೇಲೆ ನಿಂತ ಗಾಡಿಯಲ್ಲಿ ಮಾತ್ರ. ನಾಲ್ಕು ಕಂಬದ ಲಿಫ್ಟ್ ಇದ್ದರೆ ಒಳ್ಳೆಯದು. ನಮ್ಮಲ್ಲಿ ಹಳೆ ಕಾಲದ ಪಿಟ್ (ಗಾಡಿಯ ಕೆಳಗೆ ನಿಂತು ನೋಡುವ ಗುಂಡಿ) ಇದೆ, ಈ ಕೆಲಸಕ್ಕೆ ಅದರ ಮುಂದೆ ಯಾವ ಲಿಫ್ಟೂ ಇಲ್ಲ.

ಎಷ್ಟು ಸಂದು ಬೇಕು

ನಾನು ಇಟ್ಟುಕೊಂಡ ಲೆಕ್ಕ ಇಷ್ಟು. ಗಾಡಿಯ ತಗಡಿಗೆ ಕನಿಷ್ಠ 15 ಮಿ.ಮೀ., ಮೇಲೆ ಕೆಳಗೆ ಆಡುವ ಬೀಮಿಗೆ ಗಾಡಿ ಲೋಡಾದಾಗಲೂ 20, ಬ್ರೇಕ್ ಪೈಪು ಮತ್ತು ಎಬಿಎಸ್ ವೈರಿಗೆ 30, ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕಿಗೆ ನಡುವೆ ಹೀಟ್ ಶೀಲ್ಡ್ ಇದ್ದರೂ 50. ಟ್ಯಾಂಕಿನ ಪ್ಲಾಸ್ಟಿಕ್ಕು ಸುಮಾರು 130 ಡಿಗ್ರಿಗೆ ಕರಗುವ ಜಾತಿಯದು, ಘಾಟ್ ಹತ್ತುವಾಗ ಪಕ್ಕದ ಪೈಪು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಅಲ್ಲಿನ ಶೀಲ್ಡನ್ನು "ಜಾಗ ಸಾಲಲಿಲ್ಲ" ಅಂತ ಬಿಚ್ಚಿ ಬಿಸಾಡಿದ ಗಾಡಿಯನ್ನೂ ಕಂಡಿದ್ದೇನೆ. ಹೊಸ ಶೀಲ್ಡ್ ಹಾಕದೆ ಆ ಗಾಡಿಯನ್ನು ನಾನು ಹೊರಗೆ ಬಿಡಲಿಲ್ಲ.

ಹೊರಗಿನ ಕಿಟ್ಟಿನಲ್ಲಿ ಈ ಸಂದು ಎರಡು ಕಡೆಯಿಂದ ಕರಗುತ್ತದೆ. ಒಂದು, ಪೈಪಿನ ದಪ್ಪ. ಈ ಗಾಡಿಯ ಕಂಪನಿ ಪೈಪು ವರ್ನಿಯರ್‌ನಲ್ಲಿ 45 ಮಿ.ಮೀ. ಬಂತು. ಹೊಸದು ಎರಡೂಕಾಲು ಇಂಚು, ಅಂದರೆ 57. ನಡುಗೆರೆ ಅದೇ ಜಾಗದಲ್ಲಿ ಕೂತರೂ ಪ್ರತಿ ಬದಿಗೆ 6 ಮಿ.ಮೀ. ಹೋಯಿತು. ಎರಡು, ಶಾಖಕ್ಕೆ ಹಿಗ್ಗುವುದು. 304 ದರ್ಜೆಯ ಸ್ಟೇನ್‌ಲೆಸ್ ಪ್ರತಿ 100 ಡಿಗ್ರಿಗೆ ಮೀಟರಿಗೆ ಸುಮಾರು 1.7 ಮಿ.ಮೀ. ಉದ್ದ ಆಗುತ್ತದೆ. 2 ಮೀಟರ್ ಪೈಪು ಸರಾಸರಿ 300 ಡಿಗ್ರಿ ಏರಿದರೆ 10 ಮಿ.ಮೀ. ಕಂಪನಿಗಳು ಬಹಳಷ್ಟು ಬಳಸುವ 409 ದರ್ಜೆಯ ಸ್ಟೀಲು ಅಷ್ಟೇ ಶಾಖಕ್ಕೆ 7 ಮಿ.ಮೀ. ಒಳಗೇ ನಿಲ್ಲುತ್ತದೆ. 304 ಹೊಳಪು ಚೆನ್ನಾಗಿ ಕೊಡುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದು ಕಂಪನಿ ಬಿಟ್ಟ ಜಾಗಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಅದೂ ಕಾದಮೇಲೆ. ಬೆಳಿಗ್ಗೆ ಸದ್ದಿಲ್ಲ, ಘಾಟಿನಲ್ಲಿ ಸದ್ದು ಅನ್ನುವುದಕ್ಕೆ ಒಂದು ಕಾರಣ ಇಲ್ಲೇ ಸಿಕ್ಕಿತು.

ಮುಂದಿನ ಫ್ಲ್ಯಾಂಜೇ ಮೂಲ

ಹುಡುಗನ ಗಾಡಿಯಲ್ಲಿ ತಾಗುತ್ತಿದ್ದದ್ದು ಡಿಕ್ಕಿಯಡಿ ಸ್ಟೆಪ್ನಿ ಇಡುವ ಗುಂಡಿಯ ಅಂಚಿಗೆ. ಆದರೆ ಪೈಪು ದಪ್ಪವಾಗಿ ಹಿಗ್ಗಿದ ಮಾತ್ರಕ್ಕೆ ಸೈಲೆನ್ಸರ್ ಅಷ್ಟೊಂದು ಬಲಕ್ಕೆ, ಮೇಲಕ್ಕೆ ಹೋಗಿ ಅಲ್ಲಿ ಯಾಕೆ ಒರಗಿತ್ತು? ಮೊದಲು ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಬುಡ, ಅಂದರೆ ಎಂಜಿನ್ ಮೌಂಟ್ ನೋಡಿದೆ. ಅಡ್ಡ ಎಂಜಿನ್ನಿನ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಂತೆಲ್ಲ ಎಂಜಿನ್ ಹಿಂದೆ ಮುಂದೆ ವಾಲುತ್ತದೆ, ಆ ವಾಲುವಿಕೆಯನ್ನು ನುಂಗಲೆಂದೇ ಜಾಲರಿ ಹೊದಿಕೆಯ ಫ್ಲೆಕ್ಸ್ ಪೈಪು ಇರುವುದು. ಮೌಂಟಿನ ರಬ್ಬರ್ ಹರಿದಿದ್ದರೆ ಫ್ಲೆಕ್ಸ್ ಕೈಯಲ್ಲಿ ತಡೆಯಲು ಆಗುವುದಿಲ್ಲ, ಹಿಂದಿನ ಸೈಲೆನ್ಸರ್‌ವರೆಗೂ ಎಳೆತ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಗೇರು ಹಾಕಿ ಕ್ಲಚ್ ಸ್ವಲ್ಪವೇ ಬಿಡಲು ಒಬ್ಬರಿಗೆ ಹೇಳಿ, ಬಾನೆಟ್ ಪಕ್ಕದಿಂದ ನೋಡಬೇಕು. ಪಕ್ಕದಿಂದ, ಮುಂದಿನಿಂದಲ್ಲ. ಎಂಜಿನ್ ಎರಡು ಬೆರಳಿಗಿಂತ ಹೆಚ್ಚು ವಾಲಿದರೆ ಮೊದಲು ಮೌಂಟ್ ಬದಲಿಸಿ, ಆಮೇಲೆ ಪೈಪಿನ ಮಾತು. ಈ ಗಾಡಿಯಲ್ಲಿ ಮೌಂಟ್ ಗಟ್ಟಿಯಾಗಿತ್ತು.

ಆಮೇಲೆ ಎಲ್ಲ ಸೈಲೆನ್ಸರ್ ರಬ್ಬರ್ ಬಿಚ್ಚಿ, ಪೈಪನ್ನು ಕೈಯಲ್ಲಿ ಹಿಡಿದುಕೊಂಡೆ. ಮುಂದಿನ ಫ್ಲ್ಯಾಂಜ್ (ಎರಡು ಪೈಪುಗಳನ್ನು ಬೋಲ್ಟಿನಿಂದ ಕೂಡಿಸುವ ಪಟ್ಟಿ) ಬಿಗಿಯಾಗಿದ್ದರೂ ಹಿಂದಿನ ತುದಿ ತನ್ನ ರಬ್ಬರಿನ ನೇರಕ್ಕೆ ಬಂದು ನಿಲ್ಲಬೇಕು. ಇಲ್ಲಿ ಅದು ಬಲಕ್ಕೆ, ಮೇಲಕ್ಕೆ ನೆಗೆದು ನಿಂತಿತು. ಎಲ್ಲ ಹ್ಯಾಂಗರುಗಳು ಇಷ್ಟು ದಿನ ಅದನ್ನು ಎಳೆದು ಕಟ್ಟಿಹಾಕಿದ್ದವು ಅಂತಾಯಿತು. ಹಾಗಾದರೆ ಕಿಟ್ಟಿನ ಬೆಂಡ್ ತಪ್ಪಿರಬೇಕು, ಇಲ್ಲ ಮುಂದಿನ ಜೋಡಣೆ ಸೊಟ್ಟಗಿರಬೇಕು.

ಫ್ಲ್ಯಾಂಜ್ ಬಿಚ್ಚಿದೆ. ಒಂದು ಪಕ್ಕ ಹಳೇ ಗ್ಯಾಸ್ಕೆಟ್ಟಿನ (ಸೋರದಂತೆ ನಡುವೆ ಇಡುವ ಪದರ) ಅರ್ಧ ಚಂದ್ರ ಹಾಗೇ ಅಂಟಿಕೊಂಡಿತ್ತು, ಕಬ್ಬಿಣದ ಬಣ್ಣವೇ ಬಂದುಬಿಟ್ಟಿತ್ತು. ಅದರ ಮೇಲೆಯೇ ಹೊಸ ಗ್ಯಾಸ್ಕೆಟ್ ಇಟ್ಟು, ಸೋರದಿರಲಿ ಅಂತ ಕೆಂಪು ಸೀಲಂಟ್ ಮೆತ್ತಿದ್ದರು. ಉಗುರಿನಿಂದ ಕೆರೆದರೆ ಬರಲಿಲ್ಲ. ಸ್ಕ್ರೇಪರಿನ ತುದಿ ಕೊಟ್ಟು ಮೆಲ್ಲಗೆ ಎಬ್ಬಿಸಿದಾಗ ಹಪ್ಪಳದ ಚೂರಿನಂತೆ ಎದ್ದು ಬಂತು. ವರ್ನಿಯರ್‌ಗೆ ಹಿಡಿದೆ: 2 ಮಿ.ಮೀ.

ಹುಡುಗ ನಕ್ಕ. "ಇಷ್ಟಕ್ಕ ಏನಾಕ್ಕೈತ್ರೀ ಕಾಕಾ?"

"ನೀ ಇಂಜಿನಿಯರ್ ಅದಿಯಲ್ಲೋ ತಮ್ಮಾ, ನೀನ ಹಾಕು ಲೆಕ್ಕ" ಅಂದೆ. ಫ್ಲ್ಯಾಂಜಿನ ಎರಡು ಬೋಲ್ಟುಗಳ ನಡುವೆ 90 ಮಿ.ಮೀ. ಒಂದು ಬದಿ 2 ಮಿ.ಮೀ. ಎತ್ತರ. ಅಲ್ಲಿಂದ ಹಿಂದಿನ ಸೈಲೆನ್ಸರ್ 2,000 ಮಿ.ಮೀ. ದೂರ. ಮೊಬೈಲ್ ತೆಗೆದು ಗುಣಿಸಿ ಭಾಗಿಸಿದ. 44 ಬಂತು. ಇಲ್ಲಿ ಎರಡು ಮಿಲಿಮೀಟರ್ ಸೊಟ್ಟ ಆದರೆ ಅಲ್ಲಿ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು. ರಬ್ಬರುಗಳು ಎಳೆದು ಹಿಡಿದದ್ದರಿಂದ ಅಷ್ಟೂ ಕಣ್ಣಿಗೆ ಕಾಣುತ್ತಿರಲಿಲ್ಲ, ಉಳಿದದ್ದೇ ಸಾಕಾಗಿತ್ತು. ಹಿಂದೆ ಸುತ್ತಿಗೆ ಏಟು ತಿಂದ ಶೀಲ್ಡು ಪಾಪ ಏನು ತಪ್ಪು ಮಾಡಿತ್ತು?

ಮತ್ತೆ ಕೂರಿಸುವ ಕ್ರಮ

ಎರಡೂ ಫ್ಲ್ಯಾಂಜ್ ಮುಖಗಳನ್ನು ಲೋಹ ಕಾಣುವವರೆಗೆ ಕೆರೆದು, ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕು ತೂರುತ್ತದೆಯೇ ನೋಡಿ. ಹೊಸ ಗ್ಯಾಸ್ಕೆಟ್ ಒಂದೇ. ಸೀಲಂಟ್ ಬೇಡ, ಮುಖ ಸರಿಯಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. ಪುಣೆಯ ನಾನಾ ಪೇಠ್ ಬಡಾವಣೆಯ ಅಂಗಡಿಗಳಲ್ಲಿ ಈ ಗ್ಯಾಸ್ಕೆಟ್ ಸಿಗುತ್ತದೆ, ಆದರೆ ಹಳೇದನ್ನು ಜೊತೆಗೆ ಒಯ್ಯಿರಿ. ಗಾಡಿಯ ಹೆಸರು ಹೇಳಿ ತಂದರೆ ತೂತಿನ ಅಂತರ ತಪ್ಪುವುದುಂಟು.

ನಂತರ ಎಲ್ಲ ಬೋಲ್ಟು, ಎಲ್ಲ ಕ್ಲಾಂಪು ಕೈಬಿಗಿ ಮಾತ್ರ. ರಬ್ಬರುಗಳಿಗೆ ಸೋಪಿನ ನೀರು ಹಚ್ಚಿ ತೂರಿಸಿ. ಗ್ರೀಸು, ಎಣ್ಣೆ ಮುಟ್ಟಿಸಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒಂದರೊಳಗೊಂದು ಜಾರುವ ಜೋಡಣೆಗಳಲ್ಲಿ ಪೈಪು ಕನಿಷ್ಠ 40 ಮಿ.ಮೀ. ಒಳಗೆ ಹೋಗಿರಲಿ, ಹೊರಪೈಪಿನ ತುದಿಯ ಸೀಳು ಪೂರ್ತಿ ಕ್ಲಾಂಪಿನ ಅಡಿ ಮುಚ್ಚಿರಲಿ. ಈಗ ಸೈಲೆನ್ಸರನ್ನು ಕೈಯಿಂದ ತಿರುಗಿಸಿ ನಡುವಿಗೆ ತನ್ನಿ. ಇನ್ನೊಂದು ಮಾತು ಇದೆ: ತಣ್ಣಗಿದ್ದಾಗ ರಬ್ಬರುಗಳು ಸ್ವಲ್ಪ ಮುಂದಕ್ಕೆ ವಾಲಿರಬೇಕು. ಪೈಪು ಕಾದು 10 ಮಿ.ಮೀ. ಹಿಂದಕ್ಕೆ ಬೆಳೆದಾಗ ಅವು ನೆಟ್ಟಗಾಗುತ್ತವೆ. ತಣ್ಣಗಿದ್ದಾಗಲೇ ನೆಟ್ಟಗಿಟ್ಟರೆ ಘಾಟಿನಲ್ಲಿ ಹಿಂದಕ್ಕೆ ಎಳೆಸಿಕೊಂಡು ಸೈಲೆನ್ಸರನ್ನು ಮೇಲಕ್ಕೆತ್ತುತ್ತವೆ. ಬಿಗಿಯುವುದು ಎಂಜಿನ್ ಕಡೆಯಿಂದ ಶುರು, ಹಿಂದಿನ ಕ್ಲಾಂಪು ಕೊನೆಗೆ.

ಆ ಗಟ್ಟಿ ಹ್ಯಾಂಗರ್ ಕಿತ್ತು ಕಂಪನಿ ರಬ್ಬರ್ ಹಾಕಿದೆ. ಗುಂಯ್ ಸದ್ದು ಅಲ್ಲಿಗೆ ನಿಂತಿತು. ರೇಸಿಗೆ ಗಟ್ಟಿ ಹ್ಯಾಂಗರ್ ಬೇಕಾದೀತು, ದಿನಾ ಓಡುವ ಗಾಡಿಯಲ್ಲಿ ಅದು ನಡುಕವನ್ನು ಒಳಗೆ ತರುತ್ತದೆ, ಇಲ್ಲವೇ ಹ್ಯಾಂಗರ್ ಸರಳಿನ ವೆಲ್ಡಿಂಗನ್ನೇ ಸೀಳುತ್ತದೆ.

ಸೋರಿಕೆ ನೋಡಲು ತಣ್ಣಗಿನ ಎಂಜಿನ್ ಬಯಲಿನಲ್ಲಿ ಚಾಲೂ ಮಾಡಿ, ಗ್ಲೌಸ್ ಹಾಕಿದ ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ಹಿಂದಿನ ತುದಿಯನ್ನು ನಾಲ್ಕೈದು ಸೆಕೆಂಡ್ ಮುಚ್ಚಬೇಕು. ಜೋಡಣೆಗಳ ಮೇಲೆ ಸೋಪಿನ ನೀರು ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ.

ಇಷ್ಟಾದರೂ ತಾಗಿದರೆ

ಆಗ ಕಿಟ್ಟಿನ ಬೆಂಡೇ ತಪ್ಪು, ಕೊಯ್ದು ಕೂಡಿಸಬೇಕು. ಪೈಪನ್ನು ತಟ್ಟಿ ಚಪ್ಪಟೆ ಮಾಡಿ ಜಾಗ ಮಾಡುವುದು ನನಗೆ ಒಪ್ಪುವುದಿಲ್ಲ. ದಪ್ಪ ಪೈಪಿಗೆ ದುಡ್ಡು ಕೊಟ್ಟು ಅದರ ಬಾಯಿ ಕಟ್ಟಿದಂತೆ. ಗಾಡಿ ಪಿಟ್ ಮೇಲೆ ಇದ್ದಾಗಲೇ ಸರಿಯಾದ ಜಾಗದಲ್ಲಿ ಹಿಡಿದು ಎರಡು ಮೂರು ಟ್ಯಾಕ್ (ಹಿಡಿದಿಡಲು ಚಿಕ್ಕ ಬೆಸುಗೆ ಚುಕ್ಕೆ) ಹೊಡೆಸಿ, ಬಿಚ್ಚಿ ಹೊರಗೆ ಪೂರ್ತಿ ವೆಲ್ಡ್ ಮಾಡಿಸಿ. ಗಾಡಿಯ ಮೇಲೆ ಟ್ಯಾಕ್ ಹೊಡೆಯುವ ಮುಂಚೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಟ್ಯಾಂಕಿನ ಹತ್ತಿರವಾದರೆ ಆ ಟ್ಯಾಕ್ ಕೂಡ ಬೇಡ, ಮಾರ್ಕರ್‌ನಿಂದ ಗೆರೆ ಎಳೆದು ಬಿಚ್ಚಿ ಒಯ್ಯಿರಿ. 304ಕ್ಕೆ 304 ಸೇರಿಸುವಾಗ 308ಎಲ್ ಕಡ್ಡಿ, ಸ್ಟೇನ್‌ಲೆಸ್ಸಿಗೆ ಮಾಮೂಲಿ ಕಬ್ಬಿಣ ಸೇರಿಸುವಾಗ 309ಎಲ್. ಭೋಸರಿಯಲ್ಲಿ ಒಳ್ಳೆಯ ಟಿಗ್ ವೆಲ್ಡರುಗಳಿದ್ದಾರೆ. ಪೈಪಿನ ಒಳಗೂ ಆರ್ಗಾನ್ ಬಿಡುತ್ತೀರಾ ಅಂತ ಮಾತ್ರ ಕೇಳಿ. ಬಿಡದಿದ್ದರೆ ಒಳಬದಿ ಸುಟ್ಟ ಸಕ್ಕರೆಯಂತಾಗುತ್ತದೆ, ಬಿರುಕು ಅಲ್ಲಿಂದಲೇ ಶುರು.

ಕೆಳಗಿನ ಸಂದು ಇನ್ನೊಂದು ಕಥೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಸೊಸೈಟಿ ಗೇಟುಗಳ ಮುಂದೆ ಇರುವುದು ಹಂಪಲ್ಲ, ಒಡ್ಡು. ಹೊಸ ರೆಸೊನೇಟರ್ ಹಳೆಯದಕ್ಕಿಂತ 30 ಮಿ.ಮೀ. ಕೆಳಗೆ ಜೋತಿದ್ದರೆ, ನಾಲ್ಕು ಜನ ಕೂತ ಗಾಡಿ ಅದರ ಮೇಲೆ ಕೆರೆದುಕೊಂಡೇ ಹೋಗುತ್ತದೆ. ರೆಸೊನೇಟರ್ ಗುಂಡಗಿದ್ದರೆ ಅಂಡಾಕಾರದ್ದು ಹಾಕಿಸಿ, ಅಡ್ಡಲಾಗಿ ಮಲಗಿಸಿದರೆ ಎತ್ತರ ಉಳಿಯುತ್ತದೆ.

ಕಾನೂನಿನ ಮಾತು ಚುಟುಕಾಗಿ. ಕಂಪನಿ ಮೂಲ ರಚನೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸದ್ದು, ಹೊಗೆಯ ಮಿತಿ ಮೀರಿದರೆ 190(2)ರಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು. ಕ್ಯಾಟ್ ಕನ್ವರ್ಟರ್ ತೆಗೆಯುವ ಕೆಲಸ ನಾನು ಮುಟ್ಟುವುದಿಲ್ಲ. ಬಿಎಸ್6 ಗಾಡಿಯಲ್ಲಿ ಅದರ ಹಿಂದೆ ಕಾವಲಿಗೆ ಸೆನ್ಸರ್ ಕೂತಿರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟು ಹತ್ತುತ್ತದೆ. ಜೋರು ಸದ್ದಿಗಾಗಿ ಬಂದವರಿಗೆ ಬೇರೆ ಗ್ಯಾರೇಜು ನೋಡಿಕೊಳ್ಳಿ ಅನ್ನುತ್ತೇನೆ.

ಸುಣ್ಣ ಮತ್ತೆ ಬಳಿದು, ಮೂವರು ಕೂತು ಕಾತ್ರಜ್ ಕಡೆಯ ಏರಿಗೆ ಹೋಗಿ ಬಂದೆವು. ಬಿಸಿಯಿದ್ದಾಗಲೇ ಟಾರ್ಚ್ ಬಿಟ್ಟು ನೋಡಿದರೆ ಮೂರು ಕಡೆ ಸುಣ್ಣ ಹಾಗೇ ಇತ್ತು. ಸ್ಟೆಪ್ನಿ ಗುಂಡಿಯ ಹತ್ತಿರ ಮಾತ್ರ ಕೂದಲೆಳೆಯಷ್ಟು ಉಜ್ಜಿದ ಗೆರೆ. ಹ್ಯಾಂಗರ್ ಸರಳಿನ ತುದಿ ರಬ್ಬರ್ ದಾಟಿ ಬೆರಳುದ್ದ ಹೊರಗೆ ಚಾಚಿತ್ತು. 15 ಮಿ.ಮೀ. ಕೊಯ್ದು ಫೈಲ್ ಉಜ್ಜಿ ಕೊಟ್ಟೆ. 300 ಕಿ.ಮೀ. ಆದಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಯಬೇಕು, ಬಾ ಅಂತ ಹೇಳಿ ಕಳಿಸಿದೆ.

ಊರಿಗೆ ಹೋಗಿ ಬಂದ ಸೋಮವಾರವೇ ಬಂದ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಕ್ಲಾಂಪುಗಳು ಕಾಲು ಸುತ್ತು ಬಿಗಿಯಾದವು.

"ಘಾಟ್‌ನಾಗ ಒಂದು ಸದ್ದಿಲ್ರಿ ಕಾಕಾ. ಆದ್ರ ಹಿಂದಿನ ಸೀಟಿನ ಬೆಲ್ಟ್ ಬಕಲ್ ಕಟಕಟ ಅಂತೈತಿ, ಮೊದಲ ಕೇಳ್ತಿರಲಿಲ್ಲ."